ನೀಲಾಂಬಿಕೆಯ ಕಾರಿನಲ್ಲಿ ಉಳಿದ ಸದ್ದು

ಸೋಮವಾರ ಮಧ್ಯಾಹ್ನ ನನ್ನ ಮಗಳ ಕಾರು ಮನೆಗೆ ಬಂತು, ಮಗಳು ಬರಲಿಲ್ಲ. ತಿರುವಿನಲ್ಲಿ ಕಾರು ಕಾಣಿಸಿದಾಗ ನಾನು ಜಗಲಿಯ ಮೇಲೆ ಕುಳಿತು ಹಳೆಯ ಪ್ಲಗ್ಗೊಂದನ್ನು ಉಜ್ಜುತ್ತಿದ್ದೆ. ನೀಲಾ ಬಂದಳು, ಊಟಕ್ಕಿಡು ಎಂದು ಒಳಗೆ ಕೂಗಿ ಹೇಳಿದೆ. ನನ್ನ ಹೆಂಡತಿ ಹಾಲಮ್ಮ ತಟ್ಟೆ ಹಾಕಿದ ಸದ್ದೂ ಕೇಳಿಸಿತು. ಬಾಗಿಲು ತೆರೆದು ಇಳಿದವನು ನಾನೆಂದೂ ನೋಡದ ಒಬ್ಬ ಗಂಡಸು. ಅವನು ಚಪ್ಪಲಿಯನ್ನು ಕಾರಿನ ಪಕ್ಕದಲ್ಲೇ ಬಿಟ್ಟು ಬಂದು, ಬೀಗದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ನಾನು ತೆಗೆದುಕೊಂಡೆ. ನೀಲಾ ಎಲ್ಲಿ ಎಂದು ಕೇಳಿದೆ. ಅವನು ಹಿಂದಕ್ಕೆ ತಿರುಗಿ ನೋಡಿದ. ತಿರುವಿನಲ್ಲಿ ಆಸ್ಪತ್ರೆಯ ಬಿಳಿಯ ವ್ಯಾನು ಬರುತ್ತಿತ್ತು.

ಆಮೇಲೆ ತಿಳಿದದ್ದು ಇಷ್ಟು. ನೀಲಾ ಬೆಳಗಿನ ಜಾವ ಒಬ್ಬ ಬಸುರಿಯನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಬಾಡಿಗೆ ಕಾರು ಓಡಿಸುವುದು ಹದಿನೆಂಟು ವರ್ಷಗಳಿಂದ ಅವಳ ಕೆಲಸ. ಬಸುರಿಯನ್ನು ಒಳಗೆ ಸೇರಿಸಿ, ಹೊರಗಿನ ಬೆಂಚಿನ ಮೇಲೆ ಕುಳಿತು, ಟೀ ತರಿಸಿ, ತಲೆ ನೋಯುತ್ತಿದೆ ಎಂದು ಗೋಡೆಗೆ ಒರಗಿದಳಂತೆ. ಟೀ ಆರಿದ ಮೇಲೆ ಅಂಗಡಿಯವನು ಲೋಟಕ್ಕೆಂದು ಬಂದಾಗ ಅವಳಲ್ಲಿ ಉಸಿರಿರಲಿಲ್ಲ. ತಲೆಯೊಳಗೆ ನರ ಒಡೆದಿತ್ತು ಎಂದರು. ಅವಳಿಗೆ ನಲವತ್ತೆರಡು ವರ್ಷ. ಒಳಗೆ ಮಗು ಹುಟ್ಟಿತ್ತು, ಕ್ಷೇಮವಾಗಿತ್ತು. ಇದನ್ನೆಲ್ಲ ನನಗೆ ಹೇಳಿದರು, ನಾನು ತಲೆಯಾಡಿಸಿದೆ. ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು: ಕಾರು ತಂದ ಆ ಬಸುರಿಯ ಕಡೆಯವನು ಗೇರನ್ನು ಸರಿಯಾಗಿ ಹಾಕಿಕೊಂಡು ಬಂದನೋ ಇಲ್ಲವೋ, ಅವಳ ಕಾರಿನ ಎರಡನೆಯ ಗೇರು ಸ್ವಲ್ಪ ಬಿಗಿ. ಮಗಳನ್ನು ಜಗಲಿಯ ಮೇಲೆ ಕೂರಿಸಿ ಹಣೆಗೆ ವಿಭೂತಿ ಹಚ್ಚುವಾಗಲೂ ನಾನು ಗೇರಿನ ವಿಚಾರವನ್ನೇ ಯೋಚಿಸುತ್ತಿದ್ದೆ. ಶಿವನು ಆ ಹೊತ್ತಿಗೆ ನನ್ನ ಬುದ್ಧಿಯನ್ನು ಅಷ್ಟು ಚಿಕ್ಕದು ಮಾಡಿದ್ದ.

ನಮ್ಮ ಊರಿನಲ್ಲಿ ಸತ್ತವರು ಒಂಬತ್ತನೆಯ ದಿನ, ಸೂರ್ಯ ಮುಳುಗುವ ಹೊತ್ತಿಗೆ, ತಾವು ಬದುಕಿದ್ದಾಗ ಹೆಚ್ಚಾಗಿ ಕುಳಿತ ಕಾರಿನ ರೇಡಿಯೋದಲ್ಲಿ ಒಂದು ಮಾತು ಹೇಳುತ್ತಾರೆ. ಒಂದೇ ಸಲ. ಇಂಜಿನ್ನು ಓಡುತ್ತಿರಬೇಕು, ನಿಂತ ಕಾರಿನಲ್ಲಿ ಯಾರೂ ಮಾತಾಡಿದ್ದಿಲ್ಲ. ಮುಳ್ಳನ್ನು ಯಾವ ಸ್ಟೇಷನ್ನೂ ಬಾರದ ಎಡತುದಿಗೆ ತಂದು, ಗಾಜು ಏರಿಸಿ ಕುಳಿತುಕೊಳ್ಳಬೇಕು. ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರೂ ಹುಡುಗಿ ಯಾವ ಕಾರಿನಲ್ಲಿ ಓಡಾಡುತ್ತಾಳೆ ಎಂದು ಕೇಳುತ್ತಾರೆ. ಕಾರಿಲ್ಲದವರು ಸಂತೆಯ ಜೀಪಿನಲ್ಲಿ ವರ್ಷವೆಲ್ಲ ಒಂದೇ ಜಾಗ ಹಿಡಿದು ಕೂರುತ್ತಾರೆ. ಆ ಜಾಗದಲ್ಲಿ ಬೇರೆಯವರು ಕುಳಿತರೆ ಜಗಳವಾಗುತ್ತದೆ. ಹಾಸಿಗೆ ಹಿಡಿದ ಮುದುಕರನ್ನು ಕಂಬಳಿ ಸುತ್ತಿ ವಾರಕ್ಕೆರಡು ಸಲ ಕೆರೆಯ ಏರಿಯ ಮೇಲೆ ಸುತ್ತಿಸಿ ತರುತ್ತಾರೆ. ಕಾರಿನ ರೇಡಿಯೋವನ್ನು ಯಾರೂ ಬದಲಾಯಿಸುವುದಿಲ್ಲ. ಕೇಳಿದ ಮಾತನ್ನು ಕಾರಿನಿಂದ ಹೊರಗೆ ತರಬಾರದು ಎಂಬುದು ನೇಮ. ಆದರೂ ಕೆಲವು ಸೋರುತ್ತವೆ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು, "ಕಿಟಕಿ ಹಾಕಿ, ಬೆಕ್ಕು ಬರುತ್ತೆ" ಎಂದಷ್ಟೇ ಹೇಳಿದರಂತೆ. ಅವರ ಹೆಂಡತಿ ಅದನ್ನು ನೆನೆದು ಇಂದಿಗೂ ಕಣ್ಣೊರೆಸಿಕೊಳ್ಳುತ್ತಾರೆ.

ಇಂಜಿನ್ನು ಓಡಿದರೆ ರೇಡಿಯೋದಲ್ಲಿ ಸದ್ದು ಬರುತ್ತದೆ. ಅದನ್ನು ತೆಗೆಯುವುದು ನನ್ನ ಕಸುಬು. ನಲವತ್ತಾರು ವರ್ಷ ಮಾಡಿದ್ದೇನೆ. ಟಕಟಕ ಎಂದು, ಇಂಜಿನ್ನಿನ ವೇಗ ಏರಿದಂತೆ ಬಿರುಸಾಗುವುದು ಪ್ಲಗ್ಗಿನ ಕಿಡಿಯ ಸದ್ದು. ಪ್ಲಗ್ಗಿನ ಟೋಪಿಗಳನ್ನು ಬದಲಿಸಿ ತಂತಿಗಳನ್ನು ಬಿಗಿ ಮಾಡಿದರೆ ಹೋಗುತ್ತದೆ. ಕೊಳಲಿನಂತೆ ಏರುತ್ತ ಇಳಿಯುತ್ತ ಕೊರೆಯುವುದು ಡೈನಮೋದ್ದು. ಅದಕ್ಕೊಂದು ಕಂಡೆನ್ಸರ್ ಕಟ್ಟಬೇಕು. ಬಾನೆಟ್ಟು ತುಕ್ಕು ಹಿಡಿದಿದ್ದರೆ ತಾಮ್ರದ ಪಟ್ಟಿಯಿಂದ ಅದನ್ನು ಕಾರಿನ ಚೌಕಟ್ಟಿಗೆ ಜೋಡಿಸಬೇಕು. ಏರಿಯಲ್ ಕಡ್ಡಿಯ ಬುಡವನ್ನು ಹೊಳಪು ಬರುವವರೆಗೆ ಕೆರೆಯಬೇಕು. ಇಷ್ಟೂ ಮಾಡಿ, ಇಂಜಿನ್ನು ನಿಲ್ಲಿಸಿ, ಏರಿಯಲ್ಲನ್ನೇ ಕಿತ್ತರೂ ಸದ್ದು ನಿಂತಿಲ್ಲವೆಂದರೆ ಅದು ರೇಡಿಯೋದ ಹೊಟ್ಟೆಯೊಳಗಿನದು, ಅದಕ್ಕೆ ಮದ್ದಿಲ್ಲ. ನನಗೆ ಕೆಲಸ ಕಲಿಸಿದ ಗುರುಗಳು ಎರಡು ನೇಮ ಹೇಳಿಕೊಟ್ಟಿದ್ದರು. ಸದ್ದು ಹುಡುಕುವಾಗ ಕಾರಿನೊಳಗೆ ಇನ್ನೊಬ್ಬರನ್ನು ಕೂರಿಸಬಾರದು. ಸದ್ದು ಹೋಗದಿದ್ದರೆ ಹೋಗಿಲ್ಲವೆಂದು ಮನೆಯವರಿಗೆ ನೇರವಾಗಿ ಹೇಳಬೇಕು. ಹಾಗೆ ಹೇಳಿದ ಕಾರಿನಲ್ಲಿ ಒಂಬತ್ತನೆಯ ದಿನ ಯಾರೂ ಕೂರುವುದಿಲ್ಲ. ಅರ್ಧ ಕೇಳಿದ ಮಾತು ಸತ್ತವರನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ ಎಂದು ನಮ್ಮವರ ನಂಬಿಕೆ.

ಮಗಳನ್ನು ಮಣ್ಣಿಗಿಟ್ಟು ಬಂದ ಮರುದಿನ ಅಳಿಯ ಪಂಚಾಕ್ಷರಿ ಗೂಟಕ್ಕೆ ನೇತುಹಾಕಿದ್ದ ಕಾರಿನ ಬೀಗದ ಕೈಯನ್ನು ತೆಗೆದು ನನ್ನ ಕೈಯಲ್ಲಿಟ್ಟ. ಅವನು ಹೈಸ್ಕೂಲಿನಲ್ಲಿ ಗುಮಾಸ್ತ, ಕಡಿಮೆ ಮಾತಿನವನು. ನೀವೇ ಮಾಡಬೇಕು ಮಾವ, ಬೇರೆ ಯಾರ ಕೈಲೂ ಮುಟ್ಟಿಸಲ್ಲ ಎಂದ. ನಾನೂ ಬೇರೆಯವರಿಗೆ ಬಿಡುತ್ತಿರಲಿಲ್ಲ. ಸದ್ದು ತೆಗೆಯುವವನು ಬೇರೆ ಮನೆಯವರ ಮಾತು ಕೇಳಬಾರದು. ತನ್ನ ಮನೆಯದಾದರೆ ಕೇಳಬಹುದು. ನಲವತ್ತಾರು ವರ್ಷಗಳಲ್ಲಿ ಮೊದಲ ಸಲ ನಾನು ಸೂರ್ಯ ಮುಳುಗುವಾಗ ಕಾರಿನೊಳಗೆ ಕೂರುವವನಿದ್ದೆ. ನೀಲಾಳ ದನಿಯನ್ನು ಇನ್ನೊಂದು ಸಲ ಕೇಳಬೇಕು ಎನ್ನುವುದು ಬಿಟ್ಟರೆ ಆ ದಿನಗಳಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ. ಊಟವೂ ಬೇಕಾಗಿರಲಿಲ್ಲ.

ಪ್ಲಗ್ಗಿನ ಸದ್ದು ಎರಡು ದಿನದಲ್ಲಿ ಹೋಯಿತು. ಡೈನಮೋದ್ದು ನಾಲ್ಕನೆಯ ದಿನ ಹೋಯಿತು. ಆಗ ಅವುಗಳ ಕೆಳಗಿನಿಂದ ಇನ್ನೊಂದು ಸದ್ದು ಎದ್ದಿತು. ಸಣ್ಣದು, ಕಿವಿಯ ಹತ್ತಿರ ಸೊಳ್ಳೆ ನಿಂತ ಹಾಗೆ. ಇಂಜಿನ್ನಿನ ವೇಗಕ್ಕೆ ಅದು ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಇಂಜಿನ್ನು ನಿಲ್ಲಿಸಿದೆ, ನಿಲ್ಲಲಿಲ್ಲ. ಏರಿಯಲ್ಲನ್ನು ಕಿತ್ತೆ, ನಿಲ್ಲಲಿಲ್ಲ. ಕಂಡೆನ್ಸರುಗಳನ್ನು ಬದಲಿಸಿದೆ, ಬಾಗಿಲುಗಳಿಗೂ ತಾಮ್ರದ ಪಟ್ಟಿ ಕಟ್ಟಿದೆ, ರೇಡಿಯೋವನ್ನು ಬಿಚ್ಚಿ ಒಳಗಿನ ಧೂಳನ್ನು ಕುಂಚದಿಂದ ಒರೆಸಿ ಮತ್ತೆ ಕೂರಿಸಿದೆ. ಸೊಳ್ಳೆ ಅಲ್ಲೇ ಇತ್ತು. ಆರನೆಯ ದಿನ ಪಂಚಾಕ್ಷರಿ ಕಾರಿನ ಕಿಟಕಿಯ ಹತ್ತಿರ ಬಂದು ನಿಂತು, ನಾನು ಊಟಕ್ಕೆ ಹೋಗಿದ್ದಾಗ ತಾನು ಒಂದು ಗಳಿಗೆ ಒಳಗೆ ಕುಳಿತಿದ್ದುದಾಗಿಯೂ ಆಗ ಏನೂ ಕೇಳಿಸಲಿಲ್ಲವೆಂದೂ ಹೇಳಿದ. ನನಗೆ ಸಿಟ್ಟು ಬಂತು.

"ನಲವತ್ತಾರು ವರ್ಷದ ಕಿವಿ ಇದು," ಎಂದೆ. "ರಿಜಿಸ್ಟರ್ ಬರೆಯೋ ಕಿವಿ ಅಲ್ಲ."

ಅವನು ತಲೆ ತಗ್ಗಿಸಿ ಹೋದ. ಹೆಂಡತಿ ತೀರಿ ಆರು ದಿನವಾದವನಿಗೆ ನಾನು ಆಡಿದ ಮಾತು ಅದು.

ಒಂದು ವಿಷಯವನ್ನು ಇಲ್ಲಿಯವರೆಗೆ ಹೇಳಿಲ್ಲ. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲವಾದ್ದರಿಂದ ಬರೆಯುವಾಗಲೂ ಕೈ ಹಿಂದೆಗೆಯುತ್ತದೆ. ಎರಡು ವರ್ಷದ ಹಿಂದೆ ನನ್ನ ಕಿವಿ ಹೋಗಿತ್ತು. ಮೊದಲು ತಿಳಿದದ್ದು ನೀಲಾಳಿಗೆ. ಅಪ್ಪಾಜಿ, ನಿಮಗೆ ಕೇಳಿಸ್ತಿಲ್ಲ, ಯಾರಿಗೂ ಹೇಳೋದು ಬೇಡ, ನಡೀರಿ ಎಂದು ದೊಡ್ಡ ಊರಿಗೆ ಕರೆದುಕೊಂಡು ಹೋಗಿ ಬಲಗಿವಿಗೆ ಯಂತ್ರ ಹಾಕಿಸಿದಳು. ಕಡಲೆಬೀಜದಷ್ಟು ದಪ್ಪದ್ದು, ಕಿವಿಯ ಹಿಂದೆ ಕೂರುತ್ತದೆ. ರುಮಾಲನ್ನು ಸ್ವಲ್ಪ ಕೆಳಕ್ಕೆಳೆದು ಸುತ್ತುವುದನ್ನೂ ಅವಳೇ ತೋರಿಸಿಕೊಟ್ಟಳು. ಯಂತ್ರವಿಲ್ಲದೆ ನನಗೆ ಗುಡುಗು ಕೂಡ ದೂರದ ಬಂಡಿಯ ಹಾಗೆ ಕೇಳಿಸುತ್ತದೆ. ಹಾಲಮ್ಮ ಮತ್ತು ನೀಲಾ ಇಬ್ಬರನ್ನು ಬಿಟ್ಟರೆ ಇದು ಅಳಿಯನಿಗೂ ಗೊತ್ತಿರಲಿಲ್ಲ. ಸದ್ದು ತೆಗೆಯುವವನಿಗೆ ಕಿವಿಯಿಲ್ಲವೆಂದರೆ ಯಾರು ಕರೆಯುತ್ತಾರೆ? ಕಸುಬು ಹೋಗುವುದಕ್ಕಿಂತ ಹೆಚ್ಚಾಗಿ ನನಗೆ ಜನರ ನಗೆಯ ಭಯವಿತ್ತು.

ಎಂಟನೆಯ ದಿನ ಮಧ್ಯಾಹ್ನ ಹಾಲಮ್ಮ ಮಜ್ಜಿಗೆ ತಂದು ಕಾರಿನೊಳಗೆ ನನ್ನ ಪಕ್ಕದಲ್ಲಿ ಕುಳಿತುಬಿಟ್ಟಳು. ಇಳಿ ಎಂದೆ, ನೇಮವಿದೆ ಎಂದೆ. ಕಾಲು ನೋಯುತ್ತಿದೆ, ಇಳಿಯುವುದಿಲ್ಲ ಎಂದಳು. ಅದು ಮಗಳು ಕೂರುತ್ತಿದ್ದ ಕಾರು. ಅವಳನ್ನು ಇಳಿಸುವ ಶಕ್ತಿ ನನಗಿರಲಿಲ್ಲ. ಇಂಜಿನ್ನು ಓಡುತ್ತಿತ್ತು, ಸೊಳ್ಳೆ ಕೊರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಯಂತ್ರದ ಸೆಲ್ಲು ಮುಗಿಯಿತು. ಅದು ಮುಗಿದಾಗ ಲೋಕವೆಲ್ಲ ಒಮ್ಮೆಗೇ ನೀರಿನೊಳಕ್ಕೆ ಇಳಿದಂತಾಗುತ್ತದೆ. ನಾನು ಜೇಬಿನಿಂದ ಹೊಸ ಸೆಲ್ಲು ತೆಗೆಯುತ್ತಿದ್ದಾಗ ಹಾಲಮ್ಮ ನನ್ನ ತೋಳು ಹಿಡಿದು ಅಲುಗಿಸಿದಳು. ರೇಡಿಯೋದ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದಳು. ಅವಳ ಮುಖ ಅರಳಿತ್ತು. ಎಂಟು ದಿನದಲ್ಲಿ ಮೊದಲ ಸಲ. ನಾನು ಸೆಲ್ಲು ಹಾಕಿ ಕಿವಿಗೇರಿಸಿಕೊಂಡೆ. ಅವಳ ಮುಖ ಮತ್ತೆ ಕುಗ್ಗಿತು.

"ನಿಂತಿತ್ತು ಕಣ್ರೀ," ಎಂದಳು. "ಈಗ ಮತ್ತೆ ಶುರುವಾಯ್ತು."

ನಾನು ಯಂತ್ರವನ್ನು ತೆಗೆದು ಸೆಲ್ಲನ್ನು ಅಂಗೈಗೆ ಹಾಕಿಕೊಂಡೆ. ಅವಳು ತಲೆಯಾಡಿಸಿದಳು: ನಿಂತಿದೆ. ಹಾಕಿದೆ. ಅವಳು ಕೈಯಾಡಿಸಿದಳು: ಬಂತು. ಮೂರು ಸಲ ಹಾಗೆ ಮಾಡಿದೆ. ನಾಲ್ಕನೆಯ ಸಲ ಮಾಡಲು ನನ್ನ ಬೆರಳುಗಳು ಒಪ್ಪಲಿಲ್ಲ. ಸದ್ದು ಕಾರಿನದಾಗಿರಲಿಲ್ಲ, ನನ್ನ ಕಿವಿಯ ಯಂತ್ರ ರೇಡಿಯೋದೊಳಕ್ಕೆ ಬಿಡುತ್ತಿದ್ದದ್ದು. ಪ್ಲಗ್ಗನ್ನು, ಡೈನಮೋವನ್ನು, ಅಳಿಯನನ್ನು, ಎಲ್ಲವನ್ನೂ ಎಲ್ಲರನ್ನೂ ನಾನು ಅನುಮಾನಿಸಿದ್ದೆ. ಕಾರಿನಲ್ಲಿ ಒಬ್ಬನೇ ಕುಳಿತು ಹುಡುಕುವವನು ತನ್ನನ್ನು ಹೇಗೆ ಕಂಡುಕೊಳ್ಳಬೇಕು? ಗುರುಗಳ ನೇಮ ಕಿವಿ ನೆಟ್ಟಗಿದ್ದವರಿಗಾಗಿ ಮಾಡಿದ್ದು. ನನ್ನನ್ನು ಕೂರಿಸಿಕೊಂಡು ಹೋಗುವಾಗ ಮಾತ್ರ ನೀಲಾ ರೇಡಿಯೋ ಆರಿಸಿಬಿಡುತ್ತಿದ್ದುದು ಆಗ ನೆನಪಾಯಿತು. ಅಪ್ಪನ ಮೇಲಿನ ಗೌರವ ಎಂದುಕೊಂಡಿದ್ದೆ. ಅವಳಿಗೆ ತಿಳಿದಿತ್ತೋ, ಬರಿಯ ಕಿರಿಕಿರಿ ಎಂದು ಆರಿಸುತ್ತಿದ್ದಳೋ, ಇನ್ನು ಯಾರನ್ನು ಕೇಳಲಿ?

ಆದರೆ ನನ್ನನ್ನು ಹೆದರಿಸಿದ್ದು ಅದಲ್ಲ. ಈ ಎರಡು ವರ್ಷಗಳಲ್ಲಿ ನಾಲ್ಕು ಮನೆಯವರಿಗೆ ನಾನು ಇದೇ ಮಾತು ಹೇಳಿದ್ದೆ. ಹೊಟ್ಟೆಯೊಳಗಿನ ಸದ್ದು, ಮದ್ದಿಲ್ಲ, ಕೂರಬೇಡಿ. ನಾಲ್ಕೂ ಹಳೆಯ ರೇಡಿಯೋಗಳು. ಹೊಸವುಗಳಲ್ಲಿ ಆ ಸೊಳ್ಳೆ ಬಂದಿರಲಿಲ್ಲ. ಹಳತಾಗಿದ್ದಕ್ಕೆ ಹೀಗೆ ಎಂದು ತಿಳಿದಿದ್ದೆ. ನಾಲ್ಕು ಮನೆಯವರೂ ನನ್ನ ಮಾತು ನಂಬಿ, ಕಾರಿಗೆ ಬೀಗ ಹಾಕಿ, ಸೂರ್ಯ ಮುಳುಗುವವರೆಗೆ ಒಳಮನೆಯಲ್ಲಿ ಕುಳಿತಿದ್ದರು. ಕೊನೆಯದು ಮಂಡಕ್ಕಿ ಭಟ್ಟಿಯ ಬಸಲಿಂಗಮ್ಮನ ಮನೆ. ಅವಳ ಗಂಡ ಓಂಕಾರಪ್ಪ ಸಂತೆಯ ಜೀಪು ಓಡಿಸುತ್ತಿದ್ದವನು. ಅದು ಹೋದ ಶ್ರಾವಣದಲ್ಲಿ.

ಹಾಲಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು, ನಾಳೆ ಯಂತ್ರ ತೆಗೆದಿಟ್ಟು ನಮ್ಮ ಜೊತೆ ಕುಳಿತುಕೊಳ್ಳಿ, ಕೇಳಿಸದಿದ್ದರೂ ಜೊತೆಗಿರಿ ಎಂದಳು. ಮಗಳು ಪಕ್ಕದಲ್ಲೇ ಮಾತಾಡುತ್ತಿರುವಾಗ ಕಲ್ಲಿನ ಹಾಗೆ ಕೂರುವುದು ಹೇಗೆಂದು ಯೋಚಿಸಿದೆ. ಯಂತ್ರ ಹಾಕಿಕೊಂಡು ಕೂತರೆ ಅವಳ ಮಾತನ್ನು ಅವಳ ತಾಯಿಗೂ ಗಂಡನಿಗೂ ನಾನೇ ಕೆಡಿಸಿದಂತೆ.

ಒಂಬತ್ತನೆಯ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರುಮಾಲು ಸುತ್ತದೆ, ಬರಿದಲೆಯಲ್ಲಿ ಬಸಲಿಂಗಮ್ಮನ ಭಟ್ಟಿಗೆ ಹೋದೆ. ಊರಿನವರು ನನ್ನ ಕಿವಿಯನ್ನು ನೋಡಿದರು. ಯಾರೂ ನಗಲಿಲ್ಲ; ನೋಡಿದರು ಅಷ್ಟೇ. ಬಸಲಿಂಗಮ್ಮ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಳು. ಮಗಳು ತೀರಿಕೊಂಡ ಸಂಕಟಕ್ಕೆ ಎರಡು ಮಾತು ಹೇಳಿ ಮಣೆ ಹಾಕಿದಳು. ನಾನು ಕೂರದೆ, ನಿಂತುಕೊಂಡೇ ಹೇಳಿದೆ. ಯಂತ್ರವನ್ನು ತೆಗೆದು ಅವಳಿಗೆ ತೋರಿಸಿ, ಮತ್ತೆ ಹಾಕಿಕೊಂಡೆ. ಅವಳು ಏನು ಹೇಳಿದರೂ ಕೇಳಿಸಿಕೊಳ್ಳಬೇಕಾಗಿತ್ತು. ಅವಳು ಜಾಲರಿ ಆಡಿಸುತ್ತಲೇ ಇದ್ದಳು. ಮಂಡಕ್ಕಿ ಅರಳಿ ಅರಳಿ ಹೊರಗೆ ಹಾರುತ್ತಿತ್ತು.

"ನಮ್ಮ ಜೀಪಲ್ಲಿ ಏನೂ ಇರಲಿಲ್ವಾ ಹಾಗಾದ್ರೆ?"

"ಇರಲಿಲ್ಲ ತಾಯಿ."

"ಅವತ್ತು ಹೊತ್ತು ಮುಳುಗೋವಾಗ ನಾನು ಹಿತ್ತಲಲ್ಲಿ ಪಾತ್ರೆ ತೊಳೀತಿದ್ದೆ. ಬೇಕು ಅಂತಲೇ ಸದ್ದು ಮಾಡ್ಕೊಂಡು ತೊಳೀತಿದ್ದೆ, ಜೀಪಿನ ಕಡೆ ಕಿವಿ ಹೋಗಬಾರದು ಅಂತ." ಜಾಲರಿ ನಿಂತಿತು. "ಇವತ್ತು ಯಾಕೆ ಬಂದ್ರಿ ಮರುಳಪ್ಪನೋರೆ? ನಿಮ್ಮ ಮಗಳ ಮಾತು ಕೇಳೋಕೆ ಮುಂಚೆ ಪಾಪ ಇಳಿಸ್ಕೊಂಡು ಹೋಗೋಣ ಅಂತಾನಾ?"

ಇರಬಹುದು ಎಂದೆ. ಸುಳ್ಳು ಹೇಳುವ ಜಾಗವಲ್ಲ ಅದು.

"ನೀವು ಕೂರ್ತೀರಾ ಸಾಯಂಕಾಲ?"

ಆ ಗಳಿಗೆಯವರೆಗೆ ನಾನು ನಿರ್ಧಾರ ಮಾಡಿರಲಿಲ್ಲ. "ಇಲ್ಲ," ಎಂದೆ. ಹೇಳಿದ ಮೇಲೆ ಅದು ನನ್ನ ಬಾಯಿಂದಲೇ ಬಂತೆಂದು ತಿಳಿಯಿತು.

ಅವಳು ಒಲೆಯ ಉರಿಯನ್ನು ಹಿಂದಕ್ಕೆಳೆದಳು. ತನಗೆ ಹೇಳಿದ ಹಾಗೆಯೇ ಉಳಿದ ಮೂರು ಮನೆಗೂ ಇವತ್ತೇ ಹೋಗಿ ಹೇಳಬೇಕು, ನಾಳೆಗೆ ಇಡಕೂಡದು ಎಂದಳು. ಹೋದೆ. ಒಂದು ಮನೆಯಲ್ಲಿ ನನ್ನ ಮುಖದ ಮೇಲೆ ಬಾಗಿಲು ಹಾಕಿದರು. ಒಂದು ಮನೆಯಲ್ಲಿ ಮುದುಕಿ, ಹೋಗ್ಲಿ ಬಿಡಪ್ಪ, ಅವನು ಬದುಕಿದ್ದಾಗಲೇ ನನ್ನ ಹತ್ರ ಮಾತಾಡ್ತಿರಲಿಲ್ಲ ಎಂದು ಹೇಳಿ, ಹೇಳುತ್ತಿರುವಾಗಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯ ಮನೆಯಲ್ಲಿ ಕುಡಿಯಲು ನೀರು ಕೊಟ್ಟು ಏನೂ ಹೇಳದೆ ಕಳಿಸಿದರು. ಅದನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಸಂಜೆ ನಾನೇ ಇಂಜಿನ್ನು ಸ್ಟಾರ್ಟ್ ಮಾಡಿದೆ. ಮುಳ್ಳನ್ನು ಎಡತುದಿಗೆ ತಂದು ರೇಡಿಯೋದ ಹಣೆಗೆ ವಿಭೂತಿ ಹಚ್ಚಿದೆ. ಪಂಚಾಕ್ಷರಿಗೆ, ನಿನ್ನ ಕಿವಿ ಸರಿಯಾಗಿತ್ತಪ್ಪ, ತಪ್ಪು ನನ್ನದು ಎಂದು ಹೇಳಿ ಅವನನ್ನು ಮುಂದೆ ಕೂರಿಸಿದೆ. ಅವನು ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ, ಬಿಡಿಸಿಕೊಳ್ಳಬೇಕಾಯಿತು. ಹಾಲಮ್ಮ ಹಿಂದೆ, ಬಾಡಿಗೆಯವರು ಕೂರುವ ಜಾಗದಲ್ಲಿ ಕುಳಿತಳು. ಬನ್ನಿ ಎಂದು ನನ್ನನ್ನು ಕರೆಯಲಿಲ್ಲ. ನನ್ನನ್ನು ಐವತ್ತು ವರ್ಷದಿಂದ ಬಲ್ಲವಳು. ಗಾಜು ಏರಿಸಿ ಬಾಗಿಲು ಹಾಕಿ ನಾನು ನಡೆದೆ. ಎಷ್ಟು ದೂರ ಹೋದರೆ ಸಾಕೆಂದು ಅಳೆದು ನೋಡಿರಲಿಲ್ಲ; ಬೀದಿ ದಾಟಿ, ಮುನಿಸಿಪಾಲಿಟಿಯ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಂತೆ. ಅಲ್ಲಿಂದ ಗಾಜಿನ ಹಿಂದೆ ಇಬ್ಬರ ತಲೆಗಳು ಕಾಣಿಸುತ್ತಿದ್ದವು. ಯಂತ್ರ ನನ್ನ ಕಿವಿಯಲ್ಲಿತ್ತು. ಇಂಜಿನ್ನಿನ ಸದ್ದು ಕೇಳಿಸುತ್ತಿತ್ತು, ಕಾಗೆಗಳು ಕೇಳಿಸುತ್ತಿದ್ದವು.

ಬಸಲಿಂಗಮ್ಮ ಬಂದದ್ದು ನನಗೆ ತಿಳಿಯಲಿಲ್ಲ. ತಿರುಗಿ ನೋಡಿದಾಗ ನನ್ನಿಂದ ಎರಡು ಮಾರು ದೂರದಲ್ಲಿ, ಮೈಮೇಲಿನ ಮಂಡಕ್ಕಿಯ ಹೊಟ್ಟನ್ನೂ ಕೊಡವಿಕೊಳ್ಳದೆ ನಿಂತಿದ್ದಳು. ನಾನು ಕೂರುವುದಿಲ್ಲವೆಂದದ್ದು ನಿಜವೇ ಎಂದು ನೋಡಲು ಬಂದಿರಬೇಕು. ಅದು ಅವಳ ಹಕ್ಕು. ಸೂರ್ಯ ಅಕ್ಕಿಗಿರಣಿಯ ಹಿಂದಕ್ಕೆ ಇಳಿದ. ಆಗ ಕಾರಿನೊಳಗೆ ಪಂಚಾಕ್ಷರಿಯ ತಲೆ ಥಟ್ಟನೆ ಮೇಲಕ್ಕೆದ್ದಿತು. ಹಾಲಮ್ಮ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಗಳಿಂದ ಹಿಡಿದು ಬಾಗಿದಳು. ನನ್ನ ಮಗಳು ಮಾತಾಡುತ್ತಿದ್ದಳು. ಬೀದಿಯ ಆಚೆ, ಗಾಜಿನ ಒಳಗೆ, ನನ್ನ ಮಗಳು ಮಾತಾಡುತ್ತಿದ್ದಳು. ಎಷ್ಟು ಹೊತ್ತು ಮಾತಾಡಿದಳೋ ತಿಳಿಯದು. ಆಮೇಲೆ ಹಾಲಮ್ಮ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಹೆಗಲು ಕುಣಿಯುವ ಹಾಗೆ ನಕ್ಕಳು. ಆ ನಗೆ ಎಲ್ಲಿ ಅಳುವಾಯಿತೋ ಅಷ್ಟು ದೂರದಿಂದ ನನಗೆ ಗೊತ್ತಾಗಲಿಲ್ಲ.

"ನಿಮಗೇನಾದ್ರೂ ಕೇಳಿಸ್ತಾ?" ಎಂದಳು ಬಸಲಿಂಗಮ್ಮ.

"ಇಲ್ಲ ತಾಯಿ."

"ನನಗೂ ಕೇಳಿಸ್ಲಿಲ್ಲ," ಎಂದಳು. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಸೆರಗು ಸರಿಮಾಡಿಕೊಂಡು ಭಟ್ಟಿಯ ಕಡೆಗೆ ಹೊರಟು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ನೀಲಾ ಏನು ಹೇಳಿದಳೆಂದು ಹಾಲಮ್ಮ ನನಗೆ ಹೇಳಿಲ್ಲ, ನೇಮ ಅದು. ಇದಾಗಿ ಎರಡು ತಿಂಗಳಾಯಿತು. ಅವಳು ಒಮ್ಮೊಮ್ಮೆ ಅಡುಗೆಮನೆಯಲ್ಲಿ ತಾನೇ ನಗುತ್ತಾಳೆ. ನಾನು ಕಸುಬು ಬಿಟ್ಟಿದ್ದೇನೆ. ಬೆಳಗಿನ ಪೂಜೆಗೆ ಕೂರುವಾಗ ಯಂತ್ರವನ್ನು ತೆಗೆದಿಡುತ್ತೇನೆ. ಆ ಮೌನದಲ್ಲಿ ದಿನವೂ ಇಷ್ಟನ್ನೇ ಬೇಡುತ್ತೇನೆ. ಶಿವನೇ, ಓಂಕಾರಪ್ಪನಿಗೂ ಇನ್ನು ಮೂವರಿಗೂ ಹೇಳುವ ಮಾತಿತ್ತು. ಕೇಳಬೇಕಾದವರು ಕೇಳದಂತೆ ಮಾಡಿದವನು ನಾನು. ಆ ಮಾತುಗಳನ್ನು ನೀನು ಕೇಳಿಸಿಕೋ, ಅವರನ್ನು ನಡುದಾರಿಯಲ್ಲಿ ನಿಲ್ಲಿಸಬೇಡ. ನನ್ನ ಮಗಳು ನೀಲಾಂಬಿಕೆ ಹದಿನೆಂಟು ವರ್ಷ ಊರಿನವರನ್ನೆಲ್ಲ ಅವರವರ ಮನೆಗೆ ಮುಟ್ಟಿಸಿದವಳು. ದಣಿದಿದ್ದಾಳೆ. ಅವಳನ್ನು ನಿನ್ನ ಮನೆಗೆ ಸೇರಿಸಿಕೊಂಡು ಶಾಂತಿ ಕೊಡು, ತಂದೆ.